ಶಟರ್ ಎಳೆದ ಹೊತ್ತು

ಪುಣೆಯ ಅಂಗಡಿಕಾರರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ನಿದ್ದೆ ಹೊಡೆಯುತ್ತಾರೆಂದು ಮುಂಬಯಿಯಿಂದ ಬಂದವರೆಲ್ಲ ನಗಾಡುತ್ತಾರೆ. ನಗಲಿ ಬಿಡಿ, ಲೋಕಲ್ ರೈಲಿನಲ್ಲಿ ನಿಂತೇ ತೂಕಡಿಸುವವರಿಗೆ ಮಧ್ಯಾಹ್ನದ ನಿದ್ದೆಯ ರುಚಿ ಎಲ್ಲಿಂದ ತಿಳಿಯಬೇಕು? ಕ್ಯಾಂಪ್ ಬಡಾವಣೆಯ ಹಳೆ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಹೋಟೆಲ್ ಸೀತಾನದಿ ನಡೆಸುತ್ತಿದ್ದ ಸುಂದರಣ್ಣ ಹುಟ್ಟಿದ್ದು ಹೆಬ್ರಿ ಕಡೆಯಾದರೂ ಈ ಒಂದು ವಿಷಯದಲ್ಲಿ ಪಕ್ಕಾ ಪುಣೆಯವರಾಗಿಬಿಟ್ಟಿದ್ದರು. ಮೂರು ಗಂಟೆಯಾಯಿತೆಂದರೆ ಶಟರ್ ಕೆಳಗೆ. ಸಾಕ್ಷಾತ್ ಮಂತ್ರಿಯೇ ಬಂದು ದೋಸೆ ಕೇಳಿದರೂ ನಾಲ್ಕಕ್ಕೆ ಬನ್ನಿ ಎನ್ನುವ ಗಟ್ಟಿಗ. ಮಂತ್ರಿ ಬರಲಿಲ್ಲ, ಆ ಮಾತು ಬೇರೆ.

ಆ ಒಂದು ತಾಸು ಶಟರಿನ ಒಳಗೆ ಏನು ನಡೆಯುತ್ತದೆಂದು ಕಂಡ ಗಿರಾಕಿ ಇಡೀ ಊರಿಗೆ ಒಬ್ಬನೇ. ಅವನು ಧಾರವಾಡದ ಅವಧೂತ. ಇಂಜಿನಿಯರಿಂಗ್ ಓದಲೆಂದು ಪುಣೆಗೆ ಬಂದ ಹೊಸತರಲ್ಲಿ ಹಸಿದುಕೊಂಡು ಸೈಕಲ್ ತುಳಿದು ಬಂದಾಗ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಇಣುಕಿ, ಊಟ ಇದೆಯಾ ಎಂದು ಮರಾಠಿಯಲ್ಲಿ ಕೇಳಿದ. ಇಲ್ಲ ಎಂದರು. "ಹೋತ ನೋಡ, ಇವತ್ತೂ ಉಪವಾಸ" ಎಂದು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡು ಸೈಕಲ್ ತಿರುಗಿಸಿದ.

"ಎಂತ ಮಾರಾಯ, ಕನ್ನಡದವನಾ?" ಎಂದು ಒಳಗಿನಿಂದ ಧ್ವನಿ ಬಂತು. "ಹಾಗಾದ್ರೆ ತಲೆ ತಗ್ಗಿಸಿ ಒಳಗೆ ಬಾ. ನೋಡು, ಶಟರಿಗೆ ತಲೆ ಬಡೀತದೆ."

ಅಂದು ಬಗ್ಗಿಸಿದ ತಲೆ ಮೂವತ್ತು ವರ್ಷ ಹಾಗೇ ಬಗ್ಗುತ್ತಾ ಬಂತು. ಒಳಗೆ ಮೇಜುಗಳನ್ನು ಗೋಡೆಗೆ ಒತ್ತರಿಸಿ ನೆಲದ ಮೇಲೆ ಪಂಕ್ತಿ ಹಾಕುತ್ತಿದ್ದರು. ದೋಸೆ ಹುಯ್ಯುವವರು, ಬಡಿಸುವವರು, ತಟ್ಟೆ ತೊಳೆಯುವವರು, ಧಣಿ, ಎಲ್ಲ ಒಂದೇ ಸಾಲು. ಬಡಿಸುವುದು ಮಾತ್ರ ಸುಂದರಣ್ಣನ ಹೆಂಡತಿ ಸ್ವರ್ಣಲತಾ. ಹೊರಗಿನ ಬೋರ್ಡಿನಲ್ಲಿ ಎಂದೂ ಕಾಣಿಸದ ಅಡುಗೆ ಅದು: ಕುಚ್ಚಲಕ್ಕಿ ಅನ್ನ, ಹುರುಳಿ ಸಾರು, ಬಸಳೆ ಪಲ್ಯ. ಜೋಳದ ರೊಟ್ಟಿ ತಿಂದು ಬೆಳೆದ ಅವಧೂತನಿಗೆ ಆ ದಪ್ಪ ಅನ್ನ ಗಂಟಲಲ್ಲಿ ಇಳಿಯುವುದಕ್ಕೇ ಎಷ್ಟೋ ದಿನ ಹಿಡಿಯಿತು, ಆಮೇಲೆ ಅದನ್ನು ಬಿಟ್ಟಿರುವುದಕ್ಕೆ ಆಗಲಿಲ್ಲ. ಊಟವಾದ ಮೇಲೆ ಎಲ್ಲರೂ ಫ್ಯಾನಿನ ಕೆಳಗೆ ಅಡ್ಡಾಗುತ್ತಿದ್ದರು. ಶಟರಿನ ತೂತುಗಳಿಂದ ಬಿಸಿಲು ನೆಲದ ಮೇಲೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತಿತ್ತು. ಯಾರೋ ತುಳುವಿನಲ್ಲಿ ಊರ ಸುದ್ದಿ ಹೇಳುತ್ತಾ ಹೇಳುತ್ತಾ ನಡುವೆಯೇ ಗೊರಕೆಗೆ ಬೀಳುತ್ತಿದ್ದರು. ಅವಧೂತ ಈಗ ಐವತ್ತರ ಹತ್ತಿರ ಬಂದಿದ್ದಾನೆ, ಬೇಕಾದ ಕಡೆ ಉಂಡಿದ್ದಾನೆ, ಮಲಗಿದ್ದಾನೆ. ಅಂಥ ನೆಮ್ಮದಿ ಮತ್ತೆಲ್ಲೂ ಸಿಕ್ಕಿಲ್ಲ.

ಕಾಲೇಜಿನ ಕೊನೆಯ ವರ್ಷ ಅವನು ಬಿಲ್ಲಿನ ಸಾಫ್ಟ್‌ವೇರ್ ಒಂದನ್ನು ಕಟ್ಟಿ, ಆ ಶಟರ್ ಎಳೆದ ಹೊತ್ತಿನಲ್ಲೇ ಸುಂದರಣ್ಣನ ಗಲ್ಲಾದ ಮೇಲೆ ಕೂರಿಸಿದ. ಪಾರ್ಸೆಲ್ ಒಯ್ಯುವವರ ವಿಳಾಸಕ್ಕೆಂದು ಅದರಲ್ಲಿ 'ಷರಾ' ಅಂತ ಒಂದು ಖಾನೆ ಇಟ್ಟಿದ್ದ. ಸುಂದರಣ್ಣ ವಿಳಾಸ ಬರೆದರೆ ಕೇಳಿ. ಅವರಿಗೆ ಜನರ ವಿಷಯ ಬೇಕು. ಗಿರಾಕಿಯ ಫೋನ್ ನಂಬರು ಒತ್ತಿದೊಡನೆ ಪರದೆಯ ಮೂಲೆಯಲ್ಲಿ ಅವರ ಒಕ್ಕಣೆ ಕಾಣಿಸುವ ಹಾಗೆ ಮಾಡಿಸಿಕೊಂಡರು. 'ಖುರ್ಷಿದ್ ಬಾಯಿ. ದೋಸೆ ಮೆತ್ತಗೆ. ಹಲ್ಲಿನ ಸುದ್ದಿ ಎತ್ತಬಾರದು.' 'ಖಡಕಿ ಕಾರ್ಖಾನೆಯ ಗೋಖಲೆ. ಸಾಂಬಾರಿಗೆ ಬೆಲ್ಲ ಹಾಕಿದ್ದೀರಾ ಅಂತ ಕೇಳುತ್ತಾರೆ. ಹಾಕಿದ್ದೇವೆ ಅನ್ನಬೇಕು.' 'ಲಿಮಯೆ ಮಾಸ್ತರು. ಮಗನ ಬಗ್ಗೆ ಕೇಳಬಾರದು. ಮಗಳ ಬಗ್ಗೆ ಕೇಳಿದರೆ ಇನ್ನೊಂದು ಕಾಫಿ ಕುಡಿಯುತ್ತಾರೆ.' ಹೀಗೆ ವರ್ಷಗಟ್ಟಲೆ ಬರೆದರು. ಸೀತಾನದಿಯಲ್ಲಿ ಕಾಫಿ ಹಾಗೆ ಹೀಗೆ ಇದ್ದರೂ ಜನ ಅಲ್ಲಿಗೇ ಬರುತ್ತಿದ್ದದ್ದು ಇದೇ ಕಾರಣಕ್ಕೆ.

ಆ ಕಂಪ್ಯೂಟರ್ ಮುದಿಯಾಗಿ ಕೆಮ್ಮತೊಡಗಿದಾಗ ಅವಧೂತ ಅದನ್ನು ಇಡಿಯಾಗಿ ಎತ್ತಿ ವರ್ಚುವಲ್ ಮಷೀನ್ ಮಾಡಿದ. ಅಷ್ಟರಲ್ಲಿ ಅವನಿಗೆ ಖಡಕಿಯಲ್ಲಿ ಎರಡು ಕೋಣೆಯ ಸ್ವಂತ ಆಫೀಸು ಆಗಿತ್ತು. ಚಾಕಣದ ಸಣ್ಣ ಕಾರ್ಖಾನೆಗಳ, ನಾಲ್ಕಾರು ದವಾಖಾನೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ. ಏನಿದು ಹೊಸ ವೇಷ ಎಂದು ಸುಂದರಣ್ಣ ಕೇಳಿದ್ದರು.

"ಹಳೇ ಕಂಪ್ಯೂಟರಿನ ಜೀವಾ ತಗದು ಹೊಸಾ ಪೆಟ್ಟಿಗ್ಯಾಗ ಇಟ್ಟೀನ್ರಿ ಅಣ್ಣಾರ. ಅದಕ್ಕ ಮಾತ್ರ ತಾ ಇನ್ನೂ ಹಳೇ ಪೆಟ್ಟಿಗ್ಯಾಗನ ಇದ್ದೀನಿ ಅಂತ ಅನಸ್ತಿರ್ತದ."

"ಓ, ನಮ್ಮ ಹಾಗೆ," ಎಂದಿದ್ದರು ಸುಂದರಣ್ಣ. "ಪುಣೆಯಲ್ಲಿದ್ದುಕೊಂಡು ಊರಲ್ಲಿದ್ದೇನೆ ಅಂತ ತಿಳ್ಕೊಳ್ಳುದು."

ಹೊಸ ಪೆಟ್ಟಿಗೆ ಹೋಟೆಲಿನ ಅಟ್ಟದಲ್ಲಿ ದೊಡ್ಡ ಪಾತ್ರೆಗಳ ಪಕ್ಕ ಕೂತಿತು. ದಿನಾ ಮೂರೂವರೆಗೆ ಇಡೀ ವರ್ಚುವಲ್ ಮಷೀನಿನ ಒಂದು ನಕಲು ತಾನಾಗಿ ಖಡಕಿಯ ಆಫೀಸಿಗೆ ಹೋಗುವ ಹಾಗೆ ಅವಧೂತ ವ್ಯವಸ್ಥೆ ಮಾಡಿದ. ಆ ಹೊತ್ತಿನಲ್ಲಿ ಕಂಪ್ಯೂಟರಿಗೆ ಬೇರೆ ಕೆಲಸವಿಲ್ಲ ಎನ್ನುವುದೊಂದೇ ಅವನ ಲೆಕ್ಕ. ನಕಲು ಹೋಯಿತೆಂದರೆ ಅವನ ಪರದೆಯ ಮೇಲೆ ಹಸಿರು ಗುರುತು ಬೀಳುತ್ತಿತ್ತು. ಮೊದಮೊದಲು ಒಂದೆರಡು ನಕಲನ್ನು ತೆರೆದು ನೋಡಿದ, ಚೊಕ್ಕವಾಗಿದ್ದವು. ಆಮೇಲೆ ಹಸಿರು ಗುರುತು ನೋಡುವುದನ್ನೂ ಬಿಟ್ಟ. ದೇವರ ದೀಪ ಉರಿಯುತ್ತಿದೆಯೇ ಎಂದು ಯಾರು ದಿನಾ ಬತ್ತಿ ಎಳೆದು ನೋಡುತ್ತಾರೆ?

ಕಳೆದ ದಸರಾದ ಹೊತ್ತಿಗೆ ಸುಂದರಣ್ಣನ ಎದೆ ಕೈಕೊಟ್ಟಿತು. ಮಗ ಪೃಥ್ವಿರಾಜ್ ವ್ಯವಹಾರ ಹಿಡಿದ. ಹುಡುಗ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಆಫೀಸಿನವರು ಮಧ್ಯಾಹ್ನ ಮೂರೂವರೆಗೆ ಮೊಬೈಲಿನಲ್ಲಿ ಇಡ್ಲಿ ಕೇಳುವ ಕಾಲ, ಆಗ ಶಟರ್ ಎಳೆದುಕೊಂಡು ಮಲಗಿದರೆ ಹೋಟೆಲ್ ಉಳಿಯುವುದಿಲ್ಲ ಎಂದ. ಅವನ ಮಾತು ಸುಳ್ಳೂ ಅಲ್ಲ. ಬೆಳಿಗ್ಗೆ ಎತ್ತಿದ ಶಟರ್ ರಾತ್ರಿಯವರೆಗೆ ಮೇಲೆಯೇ ಉಳಿಯತೊಡಗಿತು. ಪಂಕ್ತಿ ನಿಂತಿತು, ಯಾರಿಗೆ ಬಿಡುವಾಯಿತೋ ಅವರು ಅಡುಗೆಮನೆಯ ಮೂಲೆಯಲ್ಲಿ ನಿಂತೇ ಉಂಡರು. ಸುಂದರಣ್ಣ ಸ್ವಲ್ಪ ಸುಧಾರಿಸಿದ ದಿನ ಗಲ್ಲಾಕ್ಕೆ ಬಂದು ಕೂರುತ್ತಿದ್ದರು. ಮೂರಾದಾಗ ಒಮ್ಮೆ ಗಡಿಯಾರದ ಕಡೆ ನೋಡುತ್ತಿದ್ದರು. ಅವಧೂತನಿಗೆ ಇದು ಹಿಡಿಸಲಿಲ್ಲ. ಆದರೂ ಪೃಥ್ವಿಯ ಬೆನ್ನು ತಟ್ಟಿ, ಛಲೋ ಮಾಡಿದಿ ಎಂದು ಹೇಳಿ ಬಂದಿದ್ದ.

ಸಂಕ್ರಾಂತಿ ಕಳೆದ ಮೇಲೆ ಸುಂದರಣ್ಣ ಹೋಗಿಬಿಟ್ಟರು.

ಹದಿಮೂರು ದಿನ ಕಳೆದು ಹೋಟೆಲ್ ತೆರೆದಾಗ ಗಲ್ಲಾದ ಮೇಲೆ ಸ್ವರ್ಣಲತಾ ಬಂದು ಕೂತರು. ಅಮ್ಮ ಮನೆಯಲ್ಲಿ ಆರಾಮಾಗಿರಲಿ ಎಂದು ಪೃಥ್ವಿಗೆ ಆಸೆ. ಮೇಜಿಗೊಂದು ಕ್ಯೂಆರ್ ಕೋಡಿನ ಚೌಕ ಅಂಟಿಸಿದರೆ ಗಿರಾಕಿಗಳು ಮೊಬೈಲಿನಲ್ಲೇ ತಿಂಡಿ ಹೇಳಿ ಅಲ್ಲೇ ದುಡ್ಡು ಕಟ್ಟಿ ಹೋಗುತ್ತಾರೆ, ಗಲ್ಲಾ ಎಂಬುದೇ ಬೇಡ ಎಂದು ಅವನು ಯೋಜನೆ ಹಾಕಿದ್ದ. "ಸ್ವಲ್ಪ ದಿನ ನಾನು ಕೂರ್ತೇನೆ," ಎಂದರು ಅಮ್ಮ. ಜನ್ಮವಿಡೀ ಅಡುಗೆಮನೆಯ ಕಡೆ ಇದ್ದವರು, ಗಿರಾಕಿಗಳ ಮುಖವೇ ಸರಿಯಾಗಿ ಗೊತ್ತಿಲ್ಲ. ಆದರೆ ನಂಬರು ಒತ್ತಿದರೆ ಮೂಲೆಯಲ್ಲಿ ಗಂಡನ ಮಾತು ಬರುತ್ತಿತ್ತು. ಅದನ್ನು ನೋಡಿ ಅವರು ಮಾತಾಡಿಸುತ್ತಿದ್ದರು. ಖುರ್ಷಿದ್ ಬಾಯಿಗೆ ಹೇಳದೆ ಕೇಳದೆ ಮೆತ್ತಗಿನ ದೋಸೆ ಬಂದಾಗ ಆ ಮುದುಕಿ ಗಲ್ಲಾದವರೆಗೆ ನಡೆದು ಬಂದು ಸ್ವರ್ಣಲತಾರ ಕೈ ಹಿಡಿದುಕೊಂಡು ನಿಂತರಂತೆ.

ಅವಧೂತ ಒಮ್ಮೆ ಚಹಾಕ್ಕೆ ಹೋದಾಗ ಇನ್ನೊಂದು ಸಂಗತಿ ಕಂಡಿದ್ದ. ಗಂಡನ ಒಕ್ಕಣೆಯ ಕೆಳಗೆ ಸ್ವರ್ಣಕ್ಕ ಒಂದೊಂದು ಬೆರಳಿನಿಂದ ಹುಡುಕಿ ಹುಡುಕಿ ತಮ್ಮದೊಂದು ಸಾಲು ಸೇರಿಸುತ್ತಿದ್ದರು. 'ಲಿಮಯೆ ಮಾಸ್ತರು ಬಂದಿದ್ದರು. ನೀವಿಲ್ಲ ಎಂದೆ. ಕೂತಲ್ಲೇ ಅತ್ತರು. ಮಗಳಿಗೆ ಮಗು ಆಗಿದೆಯಂತೆ.' ಯಾರಿಗೆ ಬರೆಯುತ್ತಿದ್ದಾರೆಂದು ಕೇಳುವ ಹಾಗಿರಲಿಲ್ಲ. ಅವಧೂತ ಚಹಾ ಕುಡಿದು ಎದ್ದು ಬಂದ.

ಮಾರ್ಚ್ ಆರಂಭದ ಒಂದು ಬೆಳಿಗ್ಗೆ ಸ್ವರ್ಣಕ್ಕನ ಫೋನ್ ಬಂತು.

"ಅವಧೂತ, ಪರದೆ ಕಪ್ಪಾಗಿ ಕೂತಿದೆ ಮಾರಾಯ. ಎಷ್ಟು ಒತ್ತಿದ್ರೂ ಎಂತದೂ ಬರುದಿಲ್ಲ."

ಅಟ್ಟ ಹತ್ತಿ ನೋಡಿದರೆ ಪೆಟ್ಟಿಗೆಯ ಡಿಸ್ಕ್ ಸುಟ್ಟು ಕೂತಿತ್ತು. ಬೇಸಿಗೆಯ ಸೆಕೆ, ಕೆಳಗೆ ಬಿಡುವಿಲ್ಲದ ಒಲೆ. ಅವಧೂತನಿಗೆ ಒಂದಿಷ್ಟೂ ಗಾಬರಿಯಾಗಲಿಲ್ಲ. ಇಂಥ ದಿನಕ್ಕೆಂದೇ ಅಲ್ಲವೇ ಇಷ್ಟು ವರ್ಷ ನಕಲು ತೆಗೆದದ್ದು?

"ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಎಲ್ಲಾ ನನ್ನ ಹತ್ರ ಅದ. ಹೊಸಾ ಡಿಸ್ಕ್ ಹಾಕಿ, ನಿನ್ನಿ ನಕಲು ಕೂಡಿಸಿ, ಸಂಜಿ ಅನ್ನೋದ್ರಾಗ ಚಾಲೂ ಮಾಡಿ ಕೊಡ್ತೀನಿ."

"ಅವರು ಬರೆದದ್ದೂ ಬರ್ತದಲ್ಲ?"

"ಒಂದಕ್ಷರಾನೂ ಬಿಡದಂಗ ಬರ್ತದ್ರಿ."

ಎಂಥ ಮಾತು ಕೊಟ್ಟೆ ಎಂದು ಅವನಿಗೆ ಗೊತ್ತಾದದ್ದು ಖಡಕಿಯಲ್ಲಿ ನಿನ್ನೆಯ ನಕಲನ್ನು ಎಬ್ಬಿಸಿದಾಗ. ಮಷೀನ್ ಎದ್ದಿತು. ಹಳೆಯ ನೀಲಿ ಪರದೆ ಬಂತು, ಹೋಟೆಲಿನ ಹೆಸರು ಬಂತು, ತಿಂಡಿಗಳ ಪಟ್ಟಿಯೂ ಬಂತು. ಷರಾ ತೆರೆಯಲು ಹೋದರೆ, ಬರೆದದ್ದನ್ನೆಲ್ಲ ಕಾದಿಡುವ ಡೇಟಾಬೇಸ್ ಮೊಂಡು ಹಿಡಿದು ನಿಂತಿತು. ಕಡತ ಹಾಳಾಗಿದೆ ಎಂದಿತು. ಇರಲಿ ಎಂದು ಮೊನ್ನೆಯದನ್ನು ಎಬ್ಬಿಸಿದ. ಅದರದೂ ಅದೇ ರಾಗ. ಅದರ ಹಿಂದಿನದು, ಅದರ ಹಿಂದಿನದು, ಎಲ್ಲದರ ಎದುರಿಗೂ ಹಸಿರು ಗುರುತು ಮಾತ್ರ ನಗುತ್ತಾ ಕೂತಿತ್ತು. ನಕಲು ತಲುಪಿತೆಂದಷ್ಟೇ ಆ ಗುರುತಿನ ಅರ್ಥ. ಒಳಗಿರುವುದು ಬದುಕಿದೆಯೋ ಇಲ್ಲವೋ ಎಂದು ಅದನ್ನು ಯಾರೂ ಕೇಳಿರಲಿಲ್ಲ, ಅದು ಹೇಳಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಹುಡುಕಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಒಪ್ಪಿಕೊಳ್ಳಲು ಹಿಡಿಯಿತು. ವರ್ಚುವಲ್ ಮಷೀನಿನ ನಕಲೆಂದರೆ ಇಡೀ ಕಂಪ್ಯೂಟರಿನ ಒಂದು ಫೋಟೋ. ಒಳಗೆ ಡೇಟಾಬೇಸ್ ಏನು ಮಾಡುತ್ತಾ ಕೂತಿದೆಯೆಂದು ಫೋಟೋ ತೆಗೆಯುವವನು ವಿಚಾರಿಸುವುದಿಲ್ಲ. ಪಂಕ್ತಿಯಲ್ಲಿ ಬಡಿಸುತ್ತಿರುವಾಗಲೇ ಫೋಟೋ ಹೊಡೆದರೆ ಅನ್ನ ಎಲೆಯ ಮೇಲಿರುತ್ತದೆ, ಸಾರು ಇನ್ನೂ ಸೌಟಿನಲ್ಲಿರುತ್ತದೆ. ಡೇಟಾಬೇಸಿನದೂ ಇದೇ ಕಥೆ. ಸ್ವಲ್ಪ ಡಿಸ್ಕಿನಲ್ಲಿ ಬರೆದಿಟ್ಟಿರುತ್ತದೆ, ಸ್ವಲ್ಪವನ್ನು ಆಮೇಲೆ ಬರೆದರಾಯಿತು ಎಂದು ಕೈಯಲ್ಲೇ ಹಿಡಿದುಕೊಂಡಿರುತ್ತದೆ. ಫೋಟೋಕ್ಕೆ ಸಿಗುವುದು ಡಿಸ್ಕಿನಲ್ಲಿದ್ದದ್ದು ಮಾತ್ರ. ಈಗಿನ ಡೇಟಾಬೇಸುಗಳು ಎಷ್ಟೋ ಸಲ ಈ ಪೆಟ್ಟಿನಿಂದ ತಾವಾಗಿಯೇ ಸುಧಾರಿಸಿಕೊಳ್ಳುತ್ತವೆ. ಇದು ಅವಧೂತನ ಕಾಲೇಜು ದಿನದ್ದು, ಅಷ್ಟು ಗಟ್ಟಿ ಜೀವವಲ್ಲ.

ಹಾಗಾದರೆ ಅಷ್ಟು ವರ್ಷ ನಕಲು ಚೊಕ್ಕವಾಗಿ ಬಂದದ್ದು ಹೇಗೆ? ಅವಧೂತ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮೂರು ಗಂಟೆ. ಸುಂದರಣ್ಣ ಗಲ್ಲಾದಲ್ಲಿ 'ಕ್ಲೋಸಿಂಗ್' ಒತ್ತುತ್ತಾರೆ, ಡೇಟಾಬೇಸ್ ಕೈಯಲ್ಲಿದ್ದದ್ದನ್ನೆಲ್ಲ ಡಿಸ್ಕಿನಲ್ಲಿ ಇಟ್ಟು ಬಾಗಿಲು ಹಾಕಿಕೊಳ್ಳುತ್ತದೆ. ಶಟರ್ ಇಳಿಯುತ್ತದೆ. ಎಲ್ಲರೂ ಉಂಡು ಮಲಗುತ್ತಾರೆ. ಮೂರೂವರೆಗೆ ಫೋಟೋ. ನಕಲನ್ನು ಕಾಯುತ್ತಿದ್ದದ್ದು ಅವನ ಜಾಣತನವಲ್ಲ, ಆ ಒಂದು ತಾಸಿನ ನಿದ್ದೆ. ದಸರಾದಿಂದೀಚೆಗೆ ಮೂರೂವರೆಯೆಂದರೆ ಇಡ್ಲಿ ಪಾರ್ಸೆಲ್ಲಿನ ಭರಾಟೆ. ಡೇಟಾಬೇಸಿನ ಎರಡೂ ಕೈ ತುಂಬಿರುವ ಹೊತ್ತು. ಶಟರ್ ಎಳೆಯುವುದು ನಿಂತಿತೆಂದು ಅವನ ಹೊಟ್ಟೆಗೆ ಗೊತ್ತಾಗಿತ್ತು, ಎದೆಗೆ ಗೊತ್ತಾಗಿತ್ತು. ತಲೆಗೆ ಮಾತ್ರ ಹೊಳೆದಿರಲಿಲ್ಲ. ತನ್ನ ಮೇಲೆ ತನಗೇ ಭಾರಿ ಸಿಟ್ಟು ಬಂತು.

ಮರುದಿನ ಹೋಟೆಲಿಗೆ ಹೋದಾಗ ಸ್ವರ್ಣಕ್ಕ ಕೈಯಲ್ಲಿ ಬಿಲ್ಲು ಬರೆಯುತ್ತಿದ್ದರು. ಲಿಮಯೆ ಮಾಸ್ತರು ಕಾಫಿ ಹಿಡಿದು ಗಲ್ಲಾದ ಪಕ್ಕದ ಮೇಜಿನಲ್ಲಿದ್ದರು. ಪರದೆಯಿಲ್ಲ, ಮೂಲೆಯ ಮಾತಿಲ್ಲ. ಸುಮ್ಮನಿರುವುದು ಚೆನ್ನಾಗಿರುವುದಿಲ್ಲವೆಂದು ಸ್ವರ್ಣಕ್ಕ ನೆನಪು ಮಾಡಿಕೊಳ್ಳುತ್ತಾ ಮರಾಠಿಯಲ್ಲಿ ಕೇಳಿದರು.

"ಮುಲಗಾ ಕಸಾ ಆಹೇ, ಸರ್?"

ಮಗ ಹೇಗಿದ್ದಾನೆ ಎಂಬ ಅದೊಂದು ಪ್ರಶ್ನೆಯನ್ನು ಆ ಹೋಟೆಲಿನಲ್ಲಿ ಯಾರೂ ಎಂದೂ ಕೇಳಿರಲಿಲ್ಲ. ಮಾಸ್ತರು ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಇದ್ದಾನೆ ಎಂದರು. ಅರ್ಧ ಕಾಫಿ ಅಲ್ಲೇ ಬಿಟ್ಟು, ಕೊಡೆ ಹಿಡಿದುಕೊಂಡು ಬಿಸಿಲಿಗೆ ಇಳಿದು ಹೋದರು. ಸ್ವರ್ಣಕ್ಕನಿಗೆ ಆಗ ನೆನಪಾಯಿತು. ಕೈಯಿಂದ ಬಾಯಿ ಮುಚ್ಚಿಕೊಂಡರು.

"ಇವರು ಬರೆದಿದ್ರು ಅವಧೂತ. ಮಗನ ಬಗ್ಗೆ ಕೇಳಬಾರದು ಅಂತ ಸರಿಯಾಗಿ ಬರೆದಿದ್ರು. ನಾನು ಎಂತ ಮಾಡಿಬಿಟ್ಟೆ ನೋಡು."

ಇಂಥ ಹೊತ್ತಿನಲ್ಲಿ ಕೆಟ್ಟ ಸುದ್ದಿ ಹೇಳಬೇಕಾಗಿ ಬಂತು ಅವಧೂತನಿಗೆ. ಸುತ್ತಿ ಬಳಸದೆ ಹೇಳಿದ. ನಕಲು ಕೆಟ್ಟಿದೆ, ತಪ್ಪು ನನ್ನದು, ಷರಾ ತೆರೆಯುತ್ತಿಲ್ಲ ಎಂದ. ಸ್ವರ್ಣಕ್ಕ ಅಳಲಿಲ್ಲ, ಬೈಯಲೂ ಇಲ್ಲ. ಬಿಲ್ಲಿನ ಪುಸ್ತಕದ ಮೇಲೆ ಪೆನ್ನನ್ನು ಅಡ್ಡ ಇಟ್ಟು ಅದನ್ನೇ ನೋಡುತ್ತಾ ಕೂತರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಳಗಿನಿಂದ ಬಂದ ಪೃಥ್ವಿ ಎಲ್ಲ ಕೇಳಿಸಿಕೊಂಡ. "ಜಾವೂ ದ್ಯಾ ಮಾಮಾ, ಹೋಗ್ಲಿ ಬಿಡಿ, ಟೆನ್ಷನ್ ತಗೋಬೇಡಿ," ಎಂದ. "ಬಿಲ್ಲೆಲ್ಲ ಆಡಿಟರ್ ಹತ್ರ ಉಂಟು. ಮೆನು ಹೊಸದಾಗಿ ಹಾಕ್ಲಿಕ್ಕೆ ಒಂದು ದಿನ ಸಾಕು. ಹೇಗೂ ಆ ಸಿಸ್ಟಮ್ ಔಟ್‌ಡೇಟೆಡ್. ಈ ಭಾನುವಾರ ಮೇಜುಗಳಿಗೆ ಕೋಡ್ ಅಂಟಿಸಿಬಿಡ್ತೇನೆ. ಅಮ್ಮನಿಗೂ ಈ ಸೆಕೆಯಲ್ಲಿ ಕೂರುದು ತಪ್ಪಿತು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಸ್ವರ್ಣಕ್ಕ ಸುಮ್ಮನೆ ತಲೆಯಾಡಿಸಿದರು. "ಹೌದು, ಇನ್ನು ನಾನು ಕೂತು ಎಂತ ಮಾಡುದು? ಯಾರ ಹತ್ರ ಎಂತ ಮಾತಾಡಬೇಕು ಅಂತಲೇ ಗೊತ್ತಿಲ್ಲ," ಎಂದರು. ಆ ಮಾತು ಅವಧೂತನಿಗೆ ಚುರುಕ್ಕೆಂದಿತು. ಗಂಡನನ್ನು ಕಳೆದುಕೊಂಡ ಮೇಲೂ ಅವರ ಜೊತೆ ದಿನಕ್ಕಿಷ್ಟು ಮಾತಾಡಿಕೊಂಡಿದ್ದ ಹೆಂಗಸು. ಆ ಮಾತನ್ನೂ ತಾನು ನಿಲ್ಲಿಸಿದೆ ಎಂದು ಅವನಿಗೆ ತಡೆಯಲಾಗದ ಸಂಕಟವಾಯಿತು.

"ಭಾನುವಾರದ ತನಕಾ ಟೈಮ್ ಕೊಡೋ ಪೃಥ್ವಿ," ಎಂದು ಕೇಳಿಕೊಂಡ. "ನನ್ನ ಹತ್ರ ಎರಡು ತಿಂಗಳ ಹಿಂದಿನ ತನಕಾ ನಕಲು ಅವ. ಒಂದೂ ಬಿಡದಂಗ ತಗದು ನೋಡ್ತೀನಿ."

ಎರಡು ತಿಂಗಳಿಗಿಂತ ಹಳೆಯದನ್ನು ಅವನ ಪೆಟ್ಟಿಗೆ ತಾನೇ ಅಳಿಸಿಹಾಕುತ್ತಿತ್ತು. ಶಟರ್ ಇಳಿಯುತ್ತಿದ್ದ ಕಾಲದ ನಕಲುಗಳೆಲ್ಲ ಯಾವತ್ತೋ ಹೋಗಿದ್ದವು. ಹದಿಮೂರು ದಿನ ಹೋಟೆಲ್ ಮುಚ್ಚಿದ್ದರಿಂದಲೂ ಲಾಭವಾಗಿರಲಿಲ್ಲ. ಸಾವಿನ ಸುದ್ದಿ ಬಂದಾಗ ಯಾರೋ ಗಾಬರಿಯಲ್ಲಿ ಮೇನ್ ಸ್ವಿಚ್ಚನ್ನೇ ಆರಿಸಿ ಓಡಿದ್ದರು, ಅಟ್ಟದ ಪೆಟ್ಟಿಗೆಯೂ ಅದರ ಜೊತೆ ಮಲಗಿ ಆ ದಿನಗಳ ನಕಲೇ ಬಂದಿರಲಿಲ್ಲ. ಅವಧೂತ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಒಂದೊಂದೇ ದಿನವನ್ನು ಎಬ್ಬಿಸುತ್ತಾ ಹಿಂದಕ್ಕೆ ನಡೆದ. ಒಂದೊಂದಕ್ಕೂ ಅರ್ಧ ತಾಸು. ಎದ್ದ ಮಷೀನು ಅದೇ ನೀಲಿ ಪರದೆ ತೋರಿಸುತ್ತಿತ್ತು. ಅದನ್ನು ಮೊದಲ ಸಲ ಕಂಡಾಗ ಸುಂದರಣ್ಣ ದೇವರ ಪಟದ ಮುಂದೆ ನಿಂತಂತೆ ಚಪ್ಪಲಿ ಬಿಟ್ಟು ನಿಂತದ್ದು ಪ್ರತಿ ಸಲವೂ ನೆನಪಾಗುತ್ತಿತ್ತು. ನೆನಪಾಗುವಷ್ಟರಲ್ಲಿ ಕಡತ ಹಾಳಾಗಿದೆ ಎಂಬ ಸಾಲು ಬರುತ್ತಿತ್ತು. ಫೆಬ್ರವರಿ ಮುಗಿಯಿತು. ಜನವರಿಯಲ್ಲಿ ಉಳಿದಿದ್ದ ನಕಲುಗಳೂ ಮುಗಿಯುತ್ತಾ ಬಂದವು.

ಶನಿವಾರ ಮಧ್ಯಾಹ್ನ, ಸಂಕ್ರಾಂತಿಯ ಮರುದಿನದ ನಕಲನ್ನು ಎಬ್ಬಿಸಿ, ಯಾವ ಆಸೆಯೂ ಇಲ್ಲದೆ ಷರಾ ಒತ್ತಿದ. ತೆರೆಯಿತು.

ಅವನು ನಂಬಲಿಲ್ಲ. ಖುರ್ಷಿದ್ ಬಾಯಿಯ ನಂಬರು ಒತ್ತಿದ. 'ದೋಸೆ ಮೆತ್ತಗೆ.' ಗೋಖಲೆಯವರದು ಒತ್ತಿದ. ಬೆಲ್ಲ ಬಂತು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ನೋಡಿದ. ಎಲ್ಲ ಇತ್ತು, ಅಲ್ಪವಿರಾಮ ಸಮೇತ. ಡೇಟಾಬೇಸ್ ಕೈಯಲ್ಲಿ ಏನನ್ನೂ ಹಿಡಿದುಕೊಳ್ಳದೆ, ಎಲ್ಲವನ್ನೂ ಜೋಡಿಸಿಟ್ಟು, ಶಿಸ್ತಾಗಿ ಬಾಗಿಲು ಹಾಕಿಕೊಂಡು ಮಲಗಿತ್ತು. ಆ ದಿನ ಮೂರು ಗಂಟೆಗೆ ಯಾರೋ ಕ್ಲೋಸಿಂಗ್ ಒತ್ತಿದ್ದರು. ಹೋಟೆಲ್ ನಿಲ್ಲದೆ ನಡೆಯುತ್ತಿದ್ದ ಕಾಲದಲ್ಲಿ, ಆ ಒಂದೇ ಒಂದು ದಿನ.

ಹೊಸ ಡಿಸ್ಕಿನಲ್ಲಿ ಎಲ್ಲ ತುಂಬಿಕೊಂಡು ಅವನು ಕ್ಯಾಂಪಿಗೆ ಬಂದ. ಗಲ್ಲಾದ ಪರದೆ ಹೊತ್ತಿಕೊಂಡಾಗ ಸ್ವರ್ಣಕ್ಕ ಸೆರಗಿನಿಂದ ಕನ್ನಡಕ ಒರೆಸಿಕೊಂಡು ಮುಂದೆ ಬಾಗಿದರು. ಪೃಥ್ವಿಯೂ ಬಂದು ಹಿಂದೆ ನಿಂತ.

"ಅಕ್ಕಾರ, ಒಂದು ಮಾತು ಕೇಳ್ತೀನ್ರಿ. ಸಂಕ್ರಾಂತಿ ಮರುದಿನಾ ಇಲ್ಲೆ ಏನಾಗಿತ್ತು? ಅವತ್ತು ಮಧ್ಯಾಹ್ನ ಹೋಟೆಲ್ ಬಂದ್ ಇತ್ತೇನು?"

"ಛೇ, ಇಲ್ಲಪ್ಪ," ಎಂದ ಪೃಥ್ವಿ. "ನಾನು ಕ್ಯಾಂಟೀನ್ ಕಾಂಟ್ರ್ಯಾಕ್ಟ್ ಮಾತಾಡ್ಲಿಕ್ಕೆ ಚಾಕಣಕ್ಕೆ ಹೋಗಿದ್ದೆ. ಹೋಟೆಲ್ ನಡೀತಿತ್ತು."

ಸ್ವರ್ಣಕ್ಕ ಮಗನ ಮುಖ ನೋಡಿದರು, ಅವಧೂತನ ಮುಖ ನೋಡಿದರು. ಕದ್ದು ಬೆಲ್ಲ ತಿಂದು ಸಿಕ್ಕಿಬಿದ್ದ ಹುಡುಗಿಯ ಮುಖವಾಯಿತು ಅವರದು.

"ಬಂದ್ ಇತ್ತು," ಎಂದರು. "ನೀನು ಬೈತಿ ಅಂತ ಹೇಳ್ಲಿಲ್ಲ ಪೃಥ್ವಿ. ಆ ದಿನ ಇವರಿಗೆ ಸ್ವಲ್ಪ ಹುಷಾರಿತ್ತು, ಬಂದು ಕೂತಿದ್ರು. ಮೂರಾದಾಗ, ಇವತ್ತು ಒಂದು ದಿನ ಶಟರ್ ಎಳೆಯುವಾ, ಪೃಥ್ವಿ ಹೇಗೂ ಇಲ್ಲ ಅಂದ್ರು. ಹುಡುಗರೆಲ್ಲ ಖುಷಿಯಲ್ಲಿ ಓಡಿ ಹೋಗಿ ಎಳೆದ್ರು. ಇವರು ತಾವೇ ಕಂಪ್ಯೂಟರ್ ಒತ್ತಿ ನಿಲ್ಸಿದ್ರು. ಅಡುಗೆ ಎಂತದೂ ಮಾಡಿರ್ಲಿಲ್ಲ. ಡಬ್ಬಿಯ ತಳದಲ್ಲಿ ಇದ್ದ ಒಂಚೂರು ಕುಚ್ಚಲಕ್ಕಿ ಬೇಯಿಸಿದೆ, ಉಪ್ಪಿನಕಾಯಿ ಮಜ್ಜಿಗೆ ಹಾಕಿದೆ. ನೆಲಕ್ಕೆ ಕೂರ್ಲಿಕ್ಕೆ ಆಗ್ತಿರ್ಲಿಲ್ಲ ಅವರಿಗೆ. ಆದ್ರೂ ಸಾಲಿನಲ್ಲೇ ಕೂತ್ರು, ಇಬ್ಬರು ಹಿಡಿದು ಕೂರಿಸಿದ್ರು. ಎರಡು ತುತ್ತು ಉಂಡ್ರು. ಆಮೇಲೆ ಆ ಫ್ಯಾನಿನ ಕೆಳಗೆ ಒಳ್ಳೆ ನಿದ್ದೆ ಮಾಡಿದ್ರು ಮಾರಾಯ. ನಾಲ್ಕಕ್ಕೆ ಎಬ್ಬಿಸ್ಲಿಕ್ಕೆ ನನಗೆ ಮನಸ್ಸೇ ಬರ್ಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ದೋಸೆ ಭಟ್ಟರು ಮುಖ ಆಚೆ ತಿರುಗಿಸಿಕೊಂಡರು.

"ಅವತ್ತೇ ಕೊನೆ," ಎಂದರು ಸ್ವರ್ಣಕ್ಕ. "ಮರುದಿನದಿಂದ ಮಂಚ ಬಿಟ್ಟು ಏಳ್ಲಿಲ್ಲ. ಈ ಕುರ್ಚಿಗೆ ಮತ್ತೆ ಬರ್ಲೇ ಇಲ್ಲ."

ಪೃಥ್ವಿ ಗಲ್ಲಾದ ಅಂಚು ಹಿಡಿದುಕೊಂಡು ನಿಂತಿದ್ದ. "ಅವತ್ತು ಚಾಕಣದಲ್ಲಿದ್ದಾಗ ನನಗೆ ಫೋನ್ ಬಂದಿತ್ತು," ಎಂದ, ಧ್ವನಿ ತಗ್ಗಿಸಿ. "ನಿಮ್ಮ ಹೋಟೆಲ್ ಆ್ಯಪ್‌ನಲ್ಲಿ ಕ್ಲೋಸ್ಡ್ ಅಂತ ತೋರಿಸ್ತಿದೆ ಅಂದ್ರು. ನೆಟ್‌ವರ್ಕ್ ಹೋಗಿರ್ಬೇಕು ಅಂದೆ ನಾನು. ಒಂದು ಫೋನ್ ಮಾಡಿದ್ರೆ ಊಟಕ್ಕೆ ನಾನೂ ಬರ್ತಿದ್ದೆ ಅಮ್ಮ." ಅಷ್ಟು ಹೇಳಿ ಅವನು ಮೂಗು ಒರೆಸಿಕೊಂಡ. ಮೇಜಿಗೆ ಕೋಡ್ ಅಂಟಿಸುವ ಮಾತು ಅವತ್ತು ಬರಲಿಲ್ಲ, ಆಮೇಲೂ ಬರಲಿಲ್ಲ.

ಇನ್ನು ಮುಂದೆ ಮಧ್ಯಾಹ್ನ ಮುಚ್ಚಲೇಬೇಕಾ ಎಂದು ಅವನು ಕೇಳಿದ. ಬೇಕಿಲ್ಲ ಎಂದ ಅವಧೂತ. ಫೋಟೋ ತೆಗೆಯುವ ಮೊದಲು ಡೇಟಾಬೇಸಿಗೆ ಒಂದು ಮಾತು ಹೇಳಿ, ಅದು ಕೈಯಲ್ಲಿದ್ದದ್ದನ್ನು ಕೆಳಗಿಡುವವರೆಗೆ ಕಾಯುವ ಹಾಗೆ ಮಾಡಿದ್ದೇನೆ, ಡೇಟಾಬೇಸಿನದೇ ಬೇರೆ ನಕಲೂ ದಿನಾ ಹೋಗುತ್ತದೆ, ವಾರಕ್ಕೊಮ್ಮೆ ತೆರೆದು ನೋಡುವುದು ನನ್ನ ಜವಾಬ್ದಾರಿ ಎಂದ. ಹೇಳುವಾಗ, ಮುಚ್ಚಲೇಬೇಕು ಎಂದು ಸುಳ್ಳು ಹೇಳಿಬಿಡಲೇ ಎಂಬ ಆಸೆ ಒಂದು ಗಳಿಗೆ ಬಂದು ಹೋಯಿತು.

ಸುಳ್ಳು ಹೇಳದಿದ್ದವನಿಗೆ ಇನ್ನೊಂದು ನಿಜ ಹೇಳುವುದು ಬಾಕಿಯಿತ್ತು. ಅದನ್ನು ಅವನು ದಾರಿಯುದ್ದಕ್ಕೂ ನಾಲಿಗೆಯ ಮೇಲೆ ಹೊರಳಿಸುತ್ತಾ ಬಂದಿದ್ದ.

"ಅಕ್ಕಾರ, ಅಣ್ಣಾರು ಬರದದ್ದು ಎಲ್ಲಾ ಬಂದದ್ರಿ. ಆದ್ರ ಆ ದಿನದ ಈಚಿಗಿನದು ಒಂದೂ ಉಳದಿಲ್ಲ. ನೀವು ಕೆಳಗ ಕೆಳಗ ಬರೀತಿದ್ರೆಲ್ಲಾ, ಅದೆಲ್ಲಾ ಹೋಗೇದ್ರಿ."

ಸ್ವರ್ಣಕ್ಕ ಲಿಮಯೆ ಮಾಸ್ತರ ನಂಬರು ಒತ್ತಿದರು. ಮಗನ ಬಗ್ಗೆ ಕೇಳಬಾರದು ಎಂದು ಗಂಡ ಬರೆದದ್ದು ಮೂಲೆಯಲ್ಲಿ ಬಂತು. ಅದರ ಕೆಳಗೆ, ಮಾಸ್ತರು ಅತ್ತದ್ದನ್ನು, ಮಗಳಿಗೆ ಮಗುವಾದದ್ದನ್ನು ಅವರು ಒಂದೊಂದೇ ಅಕ್ಷರ ಹುಡುಕಿ ಬರೆದಿದ್ದ ಜಾಗ ಖಾಲಿಯಿತ್ತು. ಅವರು ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು.

"ಅವರದ್ದು ಹೋಗಿದ್ರೆ ನಾನು ಯಾರ ಹತ್ರ ಹೋಗಿ ಕೇಳಬೇಕಿತ್ತು ಹೇಳು," ಎಂದರು ಕೊನೆಗೆ. "ನಂದು ಹೋದ್ರೆ ಹೋಗ್ಲಿ ಮಾರಾಯ. ಪುನಃ ಬರೀಲಿಕ್ಕೆ ನಾನಿದ್ದೇನಲ್ಲ." ಹಾಗೆಂದು ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡರು.